ಶಾಲೆಗೆ ಬಂದ ಹಾದಿಗಳು: ಜಿ.ಪಿ.ಎಸ್. ಹಾದಿಗಳಿಗೆ ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆ

ನಮ್ಮ ಕಾಸರಗೋಡಿನ ಕನ್ನಡದಲ್ಲಿ ‘ಮಾರ್ಗ’ ಎಂಬ ಮಾತಿಗೂ ‘ದಾರಿ’ ಎಂಬ ಮಾತಿಗೂ ವ್ಯತ್ಯಾಸವುಂಟು. ಬಸ್ಸು, ಜೀಪು ಓಡುವುದು ಮಾರ್ಗ; ಕಾಲು ನಡೆಯುವುದು ದಾರಿ. ಐವತ್ತು ವರ್ಷಗಳ ಹಿಂದೆ ಈ ಶಾಲೆಯ ಬಾಗಿಲು ತೆರೆದಾಗ ಇಲ್ಲಿಗೆ ಮಾರ್ಗವಿರಲಿಲ್ಲ, ದಾರಿಗಳು ಮಾತ್ರ ಇದ್ದುವು. ಮುರಕಲ್ಲಿನ ಪಾರೆಯಿಂದ ಇಳಿದು ಬರುವ ದಾರಿ, ಬೈಲಿನ ಗದ್ದೆಯ ಹುಣಿಯ ಮೇಲಿನ ದಾರಿ, ಅಡಿಕೆ ತೋಟದ ನಡುವೆ ತೋಡನ್ನು ಸಂಕದ ಮೇಲೆ ದಾಟುವ ದಾರಿ, ಹೀಗೆ ನಾಲ್ಕು ದಿಕ್ಕುಗಳಿಂದ ಮಕ್ಕಳು ಬರುತ್ತಿದ್ದರು. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತಿದ್ದುದರಿಂದ ಮೊದಲ ದಿನದ ಪಾಠಕ್ಕಿಂತ ಮೊದಲ ದಿನದ ದಾರಿಯೇ ನಮ್ಮಲ್ಲಿ ಹಲವರಿಗೆ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಇಂದು ಅವುಗಳಲ್ಲಿ ಕೆಲವು ದಾರಿಗಳು ಪೊದೆ ಬೆಳೆದು ಮುಚ್ಚಿಹೋಗಿವೆ, ಕೆಲವು ರಬ್ಬರು ತೋಟಗಳ ಬೇಲಿಯೊಳಗೆ ಸೇರಿಹೋಗಿವೆ, ಇನ್ನು ಕೆಲವು ಕಾಂಕ್ರೀಟು ಮಾರ್ಗಗಳಾಗಿವೆ. ಆ ಹಾದಿಗಳನ್ನು ನೆನಪಿರುವವರು ನಮ್ಮ ನಡುವೆ ಇರುವಾಗಲೇ ನಕಾಶೆಗೆ ಇಳಿಸಬೇಕೆಂದು ಸುವರ್ಣ ಮಹೋತ್ಸವ ಸಮಿತಿಯು ನಿರ್ಧರಿಸಿ, ಆ ಹೊಣೆಯನ್ನು ಶಾಲೆಯ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬನಾದ ನನಗೆ ವಹಿಸಿತು. ಮೊಬೈಲ್ ಫೋನಿನಲ್ಲಿರುವ ಜಿ.ಪಿ.ಎಸ್. ಸೌಲಭ್ಯದಿಂದ ಹಾದಿಯನ್ನು ದಾಖಲಿಸುವುದು ಇಂದು ಕಷ್ಟವಲ್ಲ. ಆದರೆ ದಾಖಲಿಸಿದ್ದನ್ನು ಯಾವ ತಂತ್ರಾಂಶದಲ್ಲಿ ಇಡಬೇಕು, ತಿದ್ದಬೇಕು, ಇತರರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯದು. ಈ ವಿಷಯದಲ್ಲಿ ನಾನು ಕಲಿತದ್ದನ್ನು, ಅದರಲ್ಲಿಯೂ ಒಮ್ಮೆ ಸೋತು ಕಲಿತದ್ದನ್ನು, ಇಲ್ಲಿ ನಿವೇದಿಸುತ್ತಿದ್ದೇನೆ. ಚಾರಣಕ್ಕೆ ಹೋಗುವವರಿಗೂ ಊರಿನ ಸುರಂಗ, ಕಟ್ಟೆ, ಬನಗಳನ್ನು ಗುರುತಿಸಿಡಬೇಕೆಂದಿರುವ ಹಳೆವಿದ್ಯಾರ್ಥಿಗಳಿಗೂ ಇದರಿಂದ ಪ್ರಯೋಜನವಾದೀತೆಂದು ನಂಬಿದ್ದೇನೆ.

ಒಂದು ನಷ್ಟದ ಕಥೆ

ಕೆಲವು ವರ್ಷಗಳ ಹಿಂದೆ ಇದೇ ಕೆಲಸವನ್ನು ನಾನು ನನ್ನ ಸಂತೋಷಕ್ಕಾಗಿ ಒಮ್ಮೆ ಮಾಡಿದ್ದೆ. ನಮಗೆ ಐದನೆಯ ತರಗತಿಯಲ್ಲಿ ಪಾಠ ಹೇಳಿದ ಮಾಸ್ತರರು ಆಗ ಎಂಬತ್ತರ ಹತ್ತಿರದವರು. ಒಂದು ಬೇಸಗೆಯ ರಜೆಯಲ್ಲಿ ಅವರು ಕೊಡೆಯನ್ನೇ ಊರುಗೋಲಾಗಿ ಮಾಡಿಕೊಂಡು ನನ್ನೊಡನೆ ಹನ್ನೊಂದು ದಾರಿಗಳನ್ನು ನಡೆದರು. ಪ್ರತಿಯೊಂದು ತಿರುವಿನಲ್ಲಿ ನಿಂತು ಆ ಜಾಗದ ಹೆಸರನ್ನು ಹೇಳುತ್ತಿದ್ದರು. ಯಾವ ಕಂದಾಯ ದಾಖಲೆಯಲ್ಲಿಯೂ ಸಿಗದ ಹೆಸರುಗಳು ಅವು. ಗೋಳಿಮರ ಬಿದ್ದು ಎಷ್ಟೋ ಕಾಲವಾದರೂ ಗೋಳಿಕಟ್ಟೆ ಎಂದು ಉಳಿದಿದ್ದ ಜಾಗ, ಒಂದೇ ಸಂಕವಿದ್ದರೂ ಜೋಡುಸಂಕವೆಂದು ಕರೆಸಿಕೊಳ್ಳುತ್ತಿದ್ದ ತೋಡಿನ ಬದಿ, ಮಕ್ಕಳು ಬುತ್ತಿ ಬಿಚ್ಚುತ್ತಿದ್ದ ಬಂಡೆ. ನಾನು ಅವನ್ನು ಫೋನಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಅದನ್ನು ಕಂಡು ಅವರು, “ಪುಸ್ತಕದಲ್ಲಿಯೂ ಬರೆದುಕೊ ಮಾರಾಯ, ಆ ಯಂತ್ರವೊಂದನ್ನೇ ನಂಬಿ ಕೂರಬೇಡ” ಎಂದರು. “ಆಗಲಿ ಮಾಸ್ತರರೇ” ಎಂದೆ. ಮೊದಲ ನಾಲ್ಕು ದಾರಿಗಳ ಮಟ್ಟಿಗೆ ಬರೆದೂ ಬರೆದೆ. ಮುಂದೆ ಉದಾಸೀನ ಮಾಡಿದೆ.

ನಾನು ಬಳಸುತ್ತಿದ್ದ ತಂತ್ರಾಂಶವು ನೋಡಲು ಅಂದವಾಗಿತ್ತು, ಉಚಿತವೂ ಆಗಿತ್ತು. ದಾಖಲೆಗಳೆಲ್ಲ ಎಲ್ಲಿಯೋ ದೂರದ ಗಣಕಯಂತ್ರದಲ್ಲಿ ಇರುತ್ತಿದ್ದುವು. ಒಂದು ದಿನ ಆ ಸೇವೆ ನಿಂತಿತು. ಮುಂಚಿತವಾಗಿ ಬಂದಿದ್ದ ಸೂಚನೆಯನ್ನು ನಾನು ಗಮನಿಸಿರಲಿಲ್ಲ. ನನ್ನಲ್ಲಿ ಉಳಿದದ್ದು ಸ್ನೇಹಿತರಿಗೆ ತೋರಿಸಲೆಂದು ತೆಗೆದಿಟ್ಟ ನಕಾಶೆಯ ಕೆಲವು ಚಿತ್ರಗಳು ಮಾತ್ರ. ಅಷ್ಟರಲ್ಲಿ ಮಾಸ್ತರರು ತೀರಿಕೊಂಡಿದ್ದರು. ದಾರಿಗಳನ್ನು ಇನ್ನೊಮ್ಮೆ ನಡೆದರೆ ಗೆರೆಗಳು ಮರಳಿ ಸಿಕ್ಕುತ್ತವೆ, ಆದರೆ ಹೆಸರುಗಳನ್ನು ಯಾರಿಂದ ಕೇಳಲಿ? ಹನ್ನೊಂದರಲ್ಲಿ ನಾಲ್ಕು ದಾರಿಗಳ ಹೆಸರುಗಳು ಎರಡು ರೂಪಾಯಿಯ ಪೆನ್ನಿನಿಂದ ಬರೆದ ಪುಸ್ತಕದಲ್ಲಿ ಉಳಿದುವು. ಏಳು ದಾರಿಗಳ ಹೆಸರುಗಳು ಹೋದುವು.

ಇದರಲ್ಲಿ ತಂತ್ರಾಂಶದ ತಪ್ಪಿಗಿಂತ ಆರಿಸಿಕೊಂಡವನ ತಪ್ಪೇ ಹೆಚ್ಚು. ಏನನ್ನು ನೋಡಿ ಆರಿಸಬೇಕಿತ್ತೋ ಅದನ್ನು ನಾನು ನೋಡಿರಲಿಲ್ಲ. ಅದು ಏನೆಂಬುದನ್ನು ತಿಳಿಯಲು ಮೊದಲು ಈ ವ್ಯವಸ್ಥೆಯ ಕೆಲವು ಮೂಲವಿಷಯಗಳನ್ನು ಅರಿತುಕೊಳ್ಳುವುದು ಅಗತ್ಯ.

ಉಪಗ್ರಹ ಕೊಡುವುದೇನು, ತಂತ್ರಾಂಶ ಮಾಡುವುದೇನು

ಜಿ.ಪಿ.ಎಸ್. ಎಂಬುದು ಅಮೆರಿಕದ ರಕ್ಷಣಾ ಇಲಾಖೆಯು 1973ರಲ್ಲಿ ಆರಂಭಿಸಿದ ಯೋಜನೆ. ಇದರ ಮೊದಲ ಉಪಗ್ರಹವು 1978ರಲ್ಲಿ ಕಕ್ಷೆಗೆ ಸೇರಿತು. 1995ರಲ್ಲಿ ವ್ಯವಸ್ಥೆಯು ಪೂರ್ಣಪ್ರಮಾಣದಲ್ಲಿ ಸಿದ್ಧವಾಯಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯಸೂಚಕ ಸಂಕೇತಗಳನ್ನು ಕಳುಹಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಿದ ಹೊತ್ತಿನ ವ್ಯತ್ಯಾಸದಿಂದ ನಮ್ಮ ಕೈಯಲ್ಲಿರುವ ಉಪಕರಣವು ತಾನಿರುವ ಅಕ್ಷಾಂಶ, ರೇಖಾಂಶ ಮತ್ತು ಎತ್ತರವನ್ನು ಲೆಕ್ಕ ಹಾಕುತ್ತದೆ. ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಕಾಲುದಾರಿಯನ್ನು ಗುರುತಿಸುವಷ್ಟು ನಿಖರತೆ ಸಾಮಾನ್ಯರಿಗೂ ದೊರೆಯಿತು. ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋ ಕೂಡ 2013ರಲ್ಲಿ ಮೊದಲ ಉಪಗ್ರಹವನ್ನು ಹಾರಿಸಿ, ಇಂದು ನಾವಿಕ್ ಎಂದು ಕರೆಯಲ್ಪಡುವ ಸ್ವಂತ ವ್ಯವಸ್ಥೆಯನ್ನು ಕಟ್ಟಿದೆ.

ತೆರೆದ ಪಾರೆಯ ಮೇಲೆ ಒಳ್ಳೆಯ ಫೋನು ಸುಮಾರು ಐದು ಮೀಟರಿನೊಳಗೆ ನಮ್ಮ ಸ್ಥಾನವನ್ನು ಹೇಳಬಲ್ಲದು. ದಟ್ಟವಾದ ತೋಟದೊಳಗೆ, ಎರಡು ಗುಡ್ಡೆಗಳ ನಡುವಿನ ಇಕ್ಕಟ್ಟಿನಲ್ಲಿ ಈ ನಿಖರತೆ ಕುಗ್ಗುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಉಪಗ್ರಹಕ್ಕೆ ನಮ್ಮ ದಾರಿಯ ಪರಿಚಯವೇ ಇಲ್ಲ. ಅದರ ಸಂಕೇತದಿಂದ ನಾವು ನಿಂತ ಬಿಂದು ಮಾತ್ರ ಗೊತ್ತಾಗುತ್ತದೆ. ಬಿಂದುಗಳನ್ನು ಸೇರಿಸಿ ಗೆರೆಯಾಗಿಸುವುದು, ಆ ಗೆರೆಯನ್ನು ನಕಾಶೆಯ ಮೇಲೆ ತೋರಿಸುವುದು, ‘ಇಲ್ಲಿಂದ ಅಲ್ಲಿಗೆ ಹೀಗೆ ಹೋಗು’ ಎಂದು ಹೇಳುವುದು, ಇವೆಲ್ಲ ತಂತ್ರಾಂಶದ ಕೆಲಸ. ಆದ್ದರಿಂದಲೇ ಒಂದೇ ಫೋನಿನಲ್ಲಿ ಎರಡು ತಂತ್ರಾಂಶಗಳು ಎರಡು ಬೇರೆ ಹಾದಿಗಳನ್ನು ತೋರಿಸುವುದುಂಟು.

ಗುರುತು, ಯೋಜನೆ, ಜಾಡು

ಈ ಕ್ಷೇತ್ರದಲ್ಲಿ ವೇಪಾಯಿಂಟ್, ರೂಟ್, ಟ್ರ್ಯಾಕ್ ಎಂಬ ಮೂರು ಮಾತುಗಳು ಬಳಕೆಯಲ್ಲಿವೆ. ಇವನ್ನು ಕ್ರಮವಾಗಿ ಗುರುತು, ಯೋಜಿತ ಹಾದಿ, ನಡೆದ ಜಾಡು ಎಂದು ಕರೆಯಬಹುದು.

ಗುರುತು ಎಂದರೆ ಒಂದೇ ಬಿಂದು: ಗೋಳಿಕಟ್ಟೆ, ಸುರಂಗದ ಬಾಯಿ, ಸಂಕ. ಜಾಡು ಎಂದರೆ ಉಪಕರಣವು ನಮ್ಮ ನಡಿಗೆಯ ಹಿಂದೆಯೇ ಬಿಟ್ಟುಕೊಂಡು ಬಂದ ಬಿಂದುಗಳ ಸರಣಿ. ಸೆಕೆಂಡಿಗೆ ಒಂದರಂತೆ ದಾಖಲಿಸಿದರೆ ಒಂದು ಗಂಟೆಯಲ್ಲಿ 3,600 ಬಿಂದುಗಳಾಗುತ್ತವೆ. ಯೋಜಿತ ಹಾದಿ ಎಂದರೆ ನಾವು ಮುಂದೆ ಹೋಗಬೇಕೆಂದಿರುವ ದಾರಿಯ ಕೆಲವೇ ಬಿಂದುಗಳು. ಆ ಬಿಂದುಗಳ ನಡುವಿನ ದಾರಿಯನ್ನು ತಂತ್ರಾಂಶವೇ ತನ್ನ ನಕಾಶೆಯನ್ನು ನೋಡಿ ತುಂಬಿಕೊಳ್ಳುತ್ತದೆ.

ಈ ವ್ಯತ್ಯಾಸವನ್ನು ತಿಳಿಯದೆ ಮೋಸಹೋಗುವವರು ಹಲವರು. ನಾನು ಮನೆಯಲ್ಲಿ ಕುಳಿತು ತಯಾರಿಸಿದ ಯೋಜಿತ ಹಾದಿಯನ್ನು ಬೇರೊಂದು ತಂತ್ರಾಂಶ ಬಳಸುವ ಗೆಳೆಯನಿಗೆ ಕಳುಹಿಸಿದರೆ, ಅವನ ತಂತ್ರಾಂಶವು ನಡುವಿನ ದಾರಿಯನ್ನು ಬೇರೆಯಾಗಿ ತುಂಬಿ ಅವನನ್ನು ಇನ್ನೊಂದು ಗುಡ್ಡೆಗೆ ಹತ್ತಿಸಬಹುದು. ಜಾಡನ್ನು ಕಳುಹಿಸಿದರೆ ಹೀಗಾಗದು, ಏಕೆಂದರೆ ಅದರಲ್ಲಿ ತುಂಬಲು ಏನೂ ಉಳಿದಿರುವುದಿಲ್ಲ. ಇತರರು ನಮ್ಮ ಹಾದಿಯಲ್ಲಿಯೇ ನಡೆಯಬೇಕೆಂದಿದ್ದರೆ ಜಾಡನ್ನೇ ಕೊಡಬೇಕು.

ಈ ಮೂರನ್ನೂ ಒಂದೇ ಕಡತದಲ್ಲಿ ಇಡಲು 2002ರಲ್ಲಿ ರೂಪುಗೊಂಡ ಸಾಮಾನ್ಯ ವಿಧಾನವೇ ಜಿ.ಪಿ.ಎಕ್ಸ್. ಇದರ ಇಂದಿನ ರೂಪವು 2004ರದ್ದು. ಇದು ಯಾವ ಸಂಸ್ಥೆಯ ಗುಟ್ಟಿನ ಲಿಪಿಯೂ ಅಲ್ಲ. ಗಣಕಯಂತ್ರದಲ್ಲಿರುವ ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿ ತೆರೆದರೂ ಪ್ರತಿಯೊಂದು ಬಿಂದುವಿನ ಅಕ್ಷಾಂಶ, ರೇಖಾಂಶ, ಎತ್ತರ, ಹೊತ್ತು, ಹೆಸರುಗಳನ್ನು ಕಣ್ಣಿನಿಂದ ಓದಬಹುದು. ಗೂಗಲ್ ಅರ್ಥ್‌ನಿಂದ ಪ್ರಚಾರಕ್ಕೆ ಬಂದ ಕೆ.ಎಂ.ಎಲ್. ಎಂಬ ಇನ್ನೊಂದು ವಿಧಾನವೂ ಉಂಟು. ಅದರಲ್ಲಿ ರೇಖಾಂಶವನ್ನು ಮೊದಲು ಬರೆಯುತ್ತಾರೆ. ಕೈಯಿಂದ ನಕಲು ಮಾಡುವಾಗ ಇದು ಅದಲುಬದಲಾದರೆ ಅಕ್ಷಾಂಶ 12.5, ರೇಖಾಂಶ 75ರ ಹತ್ತಿರವಿರುವ ನಮ್ಮ ಕಾಸರಗೋಡು ನಾರ್ವೆಯ ಉತ್ತರದ ತಣ್ಣನೆಯ ಕಡಲಿನಲ್ಲಿ ತೇಲುತ್ತದೆ!

ಹಾದಿಯನ್ನು ಹುಡುಕುವ ಲೆಕ್ಕ

ತಂತ್ರಾಂಶವು ಹಾದಿಯನ್ನು ತುಂಬುವುದು ಹೇಗೆ? ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1956ರಲ್ಲಿ ಕಂಡುಕೊಂಡು 1959ರಲ್ಲಿ ಪ್ರಕಟಿಸಿದ ಲೆಕ್ಕವೊಂದು ಇದರ ಬುನಾದಿ. ಕವಲುಗಳ ನಡುವಿನ ಪ್ರತಿಯೊಂದು ತುಂಡು ದಾರಿಗೂ ಒಂದು ‘ಬೆಲೆ’ಯನ್ನು ಕೊಟ್ಟು, ಹೊರಟ ಕಡೆಯಿಂದ ಅತ್ಯಂತ ಕಡಿಮೆ ಬೆಲೆಯಲ್ಲಿ ತಲುಪಬಹುದಾದ ಕವಲನ್ನು ಒಂದೊಂದಾಗಿ ನಿಶ್ಚಯಿಸುತ್ತ ಮುಂದುವರಿದರೆ ಕೊನೆಗೆ ಗುರಿಗೆ ಹೋಗುವ ಅತಿ ಕಡಿಮೆ ಬೆಲೆಯ ಹಾದಿ ಸಿಗುತ್ತದೆ. ಇಂದಿನ ತಂತ್ರಾಂಶಗಳಲ್ಲಿ ಇದನ್ನು ವೇಗಗೊಳಿಸಿದ ರೂಪಗಳಿವೆ.

ಆದರೆ ಬೆಲೆಯನ್ನು ಯಾರು ಕಟ್ಟಿದರು ಎಂಬುದೇ ಮುಖ್ಯ. ಕಾರಿನವನಿಗೆ ಅಗಲವಾದ ಮಾರ್ಗದ ಬೆಲೆ ಕಡಿಮೆ. ನಡೆಯುವವನಿಗೆ ಏರು ಕಡಿಮೆಯಿರುವ ದಾರಿಯ ಬೆಲೆ ಕಡಿಮೆ. ನಕಾಶೆಯಲ್ಲಿ ಇಲ್ಲದ ದಾರಿಗೆ ಬೆಲೆಯೇ ಇಲ್ಲ, ಅಂದರೆ ಅದು ಲೆಕ್ಕಕ್ಕೇ ಬಾರದು. ಶಾಲೆಯ ಪೂರ್ವದ ಬೈಲಿನ ಮನೆಯೊಂದರಿಂದ ಶಾಲೆಗೆ ಸಂಕ ದಾಟಿ ಬಂದರೆ ಇಪ್ಪತ್ತು ನಿಮಿಷದ ನಡಿಗೆ. ಮೊದಲು ಪರೀಕ್ಷಿಸಿದ ತಂತ್ರಾಂಶಗಳೆಲ್ಲ ಡಾಮರು ಮಾರ್ಗವನ್ನು ಹಿಡಿದು ಗುಡ್ಡೆಯನ್ನು ಸುತ್ತಿ ಬರುವ ಹಾದಿಯನ್ನೇ ತೋರಿಸಿದುವು. ಅವುಗಳ ಲೆಕ್ಕ ತಪ್ಪಿರಲಿಲ್ಲ. ಅವುಗಳ ನಕಾಶೆಯಲ್ಲಿ ನಮ್ಮ ಸಂಕವಿರಲಿಲ್ಲ.

ಆರು ಪರೀಕ್ಷೆಗಳು

ಈ ಹಿನ್ನೆಲೆಯಲ್ಲಿ, ನಾನು ಚೆನ್ನಾಗಿ ಬಲ್ಲ ಒಂದು ದಾರಿಯನ್ನು ಆರಿಸಿ, ಅದರ ಜಾಡನ್ನೂ ಹತ್ತು ಗುರುತುಗಳನ್ನೂ ಒಂದು ಕಡತದಲ್ಲಿ ಇಟ್ಟುಕೊಂಡು, ಪ್ರತಿಯೊಂದು ತಂತ್ರಾಂಶವನ್ನೂ ಕೆಳಗಿನ ಆರು ಪರೀಕ್ಷೆಗಳಿಗೆ ಒಡ್ಡಿದೆನು. ಓದುಗರೂ ತಮ್ಮ ತಮ್ಮ ದಾರಿಯೊಂದಿಗೆ ಹೀಗೆಯೇ ಮಾಡಬಹುದು.

1. ಕೊಟ್ಟದ್ದನ್ನು ಹಿಂದಿರುಗಿಸುತ್ತದೆಯೇ? ಇದು ಮೊದಲ ಪರೀಕ್ಷೆ. ಇದರಲ್ಲಿ ಸೋತ ತಂತ್ರಾಂಶಕ್ಕೆ ಉಳಿದ ಐದರ ಅಗತ್ಯವಿಲ್ಲ. ಕಡತವನ್ನು ಒಳಗೆ ಹಾಕಿ, ಕೂಡಲೇ ಜಿ.ಪಿ.ಎಕ್ಸ್. ರೂಪದಲ್ಲಿ ಹೊರಗೆ ತೆಗೆದು ಎರಡನ್ನೂ ಹೋಲಿಸಬೇಕು. ಬಿಂದುಗಳ ಸಂಖ್ಯೆ ಅಷ್ಟೇ ಇದೆಯೇ? ನಡೆದ ಹೊತ್ತು ಉಳಿದಿದೆಯೇ? ಗುರುತುಗಳ ಹೆಸರು ಮಾತ್ರವಲ್ಲದೆ ಟಿಪ್ಪಣಿಯೂ ಬಂದಿದೆಯೇ? ಗೆರೆಯನ್ನು ಕೊಟ್ಟು ಟಿಪ್ಪಣಿಯನ್ನು ನುಂಗುವ ತಂತ್ರಾಂಶಗಳುಂಟು. ಹೊರತೆಗೆಯುವ ಸೌಲಭ್ಯಕ್ಕೆ ಮಾತ್ರ ಹಣ ಕೇಳುವವೂ ಉಂಟು. ಬಾವಿಯಲ್ಲಿ ನೀರಿದ್ದರೂ ಹಗ್ಗ ಅನ್ಯರ ಕೈಯಲ್ಲಿರುವಂತೆ ಇದು.

2. ಕನ್ನಡ ಉಳಿಯುತ್ತದೆಯೇ? ‘ಗೋಳಿಕಟ್ಟೆ’ ಎಂದು ಬರೆದು ಹೊರತೆಗೆದಾಗ ಅದು ಗೋಳಿಕಟ್ಟೆಯಾಗಿಯೇ ಬರಬೇಕು. ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರಬಾರದು. ನಮ್ಮ ಶಾಲೆಯ ರಜತ ಮಹೋತ್ಸವದ ಲೇಖನಗಳನ್ನು ಅಂದಿನ ಅಕ್ಷರವಿನ್ಯಾಸವೊಂದರಲ್ಲಿ ಬೆರಳಚ್ಚು ಮಾಡಿಸಿದ್ದು, ಈಗ ಆ ಕಡತಗಳನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ ಎಂಬುದು ಸಮಿತಿಯವರೆಲ್ಲರಿಗೂ ತಿಳಿದ ವಿಷಯ. ಯೂನಿಕೋಡ್ ಎಂಬ ಸರ್ವಮಾನ್ಯ ಸಂಕೇತವಿಧಾನವನ್ನು ಗೌರವಿಸುವ ತಂತ್ರಾಂಶದಲ್ಲಿ ಈ ಭಯವಿಲ್ಲ. ಕೈಯಲ್ಲಿ ಹಿಡಿಯುವ ಕೆಲವು ಜಿ.ಪಿ.ಎಸ್. ಉಪಕರಣಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲವಾದುದರಿಂದ ಖಾಲಿ ಚೌಕಗಳು ಕಾಣುತ್ತವೆ. ಅಂತಹ ಉಪಕರಣಕ್ಕೆ ರೋಮನ್ ಲಿಪಿಯ ಬೇರೆ ಪ್ರತಿಯನ್ನು ಮಾಡಿಕೊಡಬೇಕೇ ಹೊರತು ಮೂಲದ ಕನ್ನಡವನ್ನು ಅಳಿಸಬಾರದು.

3. ಜಾಲಸಂಪರ್ಕವಿಲ್ಲದೆ ಕೆಲಸ ಮಾಡುತ್ತದೆಯೇ? ಜಿ.ಪಿ.ಎಸ್. ಸಂಕೇತಕ್ಕೆ ಮೊಬೈಲ್ ಗೋಪುರ ಬೇಕಾಗಿಲ್ಲ, ಆದರೆ ನಕಾಶೆಯನ್ನು ಆಗಾಗ ಜಾಲದಿಂದ ತರಿಸಿಕೊಳ್ಳುವ ತಂತ್ರಾಂಶಕ್ಕೆ ಅದು ಬೇಕು. ಫೋನಿನ ಸಂಪರ್ಕವನ್ನು ಪೂರ್ತಿ ಕತ್ತರಿಸಿ, ಮನೆಯ ಅಂಗಳದಲ್ಲಿಯೇ ಪರೀಕ್ಷಿಸಿ ನೋಡುವುದು ಕ್ಷೇಮ. ಗುಡ್ಡೆಯ ಆಚೆಗೆ ಹೋದ ಮೇಲೆ ಗೊತ್ತಾದರೆ ಫಲವಿಲ್ಲ.

4. ನಡೆಯುವವನ ಲೆಕ್ಕ ಗೊತ್ತಿದೆಯೇ? ಕಾಲ್ನಡಿಗೆ, ಸೈಕಲ್, ಕಾರು ಎಂದು ಬೇರೆ ಬೇರೆಯಾಗಿ ಹಾದಿ ಹುಡುಕಬಲ್ಲದೇ, ನಾವು ಬಯಸಿದ ಬಿಂದುವಿನ ಮೂಲಕವೇ ಹೋಗುವಂತೆ ಗೆರೆಯನ್ನು ಎಳೆದು ತಿದ್ದಲು ಆಗುತ್ತದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಯಾವ ತಂತ್ರಾಂಶವೂ ‘ಈಗ ಯಾವ ತಿಂಗಳು?’ ಎಂದು ಕೇಳುವುದಿಲ್ಲ. ಫೆಬ್ರವರಿಯಲ್ಲಿ ಪಾದ ಒದ್ದೆಯಾಗದ ತೋಡು ಜುಲೈಯಲ್ಲಿ ಆಳೆತ್ತರ ಹರಿಯುತ್ತದೆ. ಆದುದರಿಂದ ನಾವು ಪ್ರತಿಯೊಂದು ಹಾದಿಗೂ ‘ಬೇಸಗೆ’, ‘ಮಳೆಗಾಲ’ ಎಂದು ಎರಡು ಕಡತಗಳನ್ನು ಇಟ್ಟಿದ್ದೇವೆ.

5. ಹಲವು ಹಾದಿಗಳನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತದೆಯೇ? ಒಂದು ಜಾಡನ್ನು ಇಡಲು ಯಾವ ತಂತ್ರಾಂಶವಾದರೂ ಸಾಕು. ಜಾಡುಗಳು ಹೆಚ್ಚಾದಾಗ ವಿಂಗಡಿಸುವ, ತುಂಡರಿಸುವ, ಜೋಡಿಸುವ, ತಪ್ಪು ಬಿಂದುಗಳನ್ನು ತೆಗೆಯುವ ಸೌಲಭ್ಯ ಬೇಕು. ನೆರಳಿನಲ್ಲಿ ಅರ್ಧ ಗಂಟೆ ಕುಳಿತರೆ ಉಪಕರಣವು ಸುತ್ತಮುತ್ತ ಬಿಂದುಗಳನ್ನು ಚೆಲ್ಲಿ, ನಡೆಯದ ದೂರವನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಅದನ್ನು ತೆಗೆಯದಿದ್ದರೆ ಉದ್ದ ಹೆಚ್ಚಾಗಿ ಕಾಣುತ್ತದೆ. ಸಾವಿರಾರು ಬಿಂದುಗಳಲ್ಲಿ ತಿರುವುಗಳನ್ನು ಉಳಿಸಿ ನೇರಭಾಗದ ಬಿಂದುಗಳನ್ನು ಕಡಿಮೆ ಮಾಡುವ ಡಗ್ಲಸ್ ಮತ್ತು ಪ್ಯೂಕರ್ ಅವರ 1973ರ ವಿಧಾನವು ಒಳ್ಳೆಯ ತಂತ್ರಾಂಶಗಳಲ್ಲಿರುತ್ತದೆ. ಹೀಗೆ ಸೋಸುವ ಮೊದಲು ಮೂಲ ಜಾಡಿನ ಪ್ರತಿಯನ್ನು ಬೇರೆಯಾಗಿ ತೆಗೆದಿಡಬೇಕು.

6. ಎಷ್ಟು ಕಾಲ ಬಾಳೀತು? ಬೆಲೆಯೊಂದನ್ನೇ ನೋಡಬಾರದು. ಒಂದು ಸಂಸ್ಥೆಯ ಸೇವೆಯನ್ನು ಅವಲಂಬಿಸಿದ ತಂತ್ರಾಂಶ ಆ ಸಂಸ್ಥೆಯ ಮನಸ್ಸು ಬದಲಾದ ದಿನ ನಿಲ್ಲಬಹುದು. ಮೂಲಸಂಕೇತವು ಸಾರ್ವಜನಿಕರಿಗೆ ಮುಕ್ತವಾಗಿರುವ ತಂತ್ರಾಂಶವನ್ನು ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಳ್ಳಲು ಅವಕಾಶವಿದೆ. ಮೊದಲ ಪರೀಕ್ಷೆಯಲ್ಲಿ ಗೆದ್ದ ತಂತ್ರಾಂಶವಾದರೆ, ಅದು ನಿಂತುಹೋದರೂ ನಮ್ಮ ಕಡತ ನಮ್ಮಲ್ಲಿಯೇ ಇರುತ್ತದೆ.

ನಾವು ಆರಿಸಿಕೊಂಡವು

ಈ ಪರೀಕ್ಷೆಗಳ ಬಳಿಕ ಒಂದೇ ತಂತ್ರಾಂಶದಿಂದ ಎಲ್ಲ ಕೆಲಸವನ್ನೂ ಮಾಡಿಸುವ ಆಸೆಯನ್ನು ಬಿಟ್ಟೆವು. ಅನ್ನ ಬಸಿಯುವುದಕ್ಕೂ ಮಜ್ಜಿಗೆ ಕಡೆಯುವುದಕ್ಕೂ ಒಂದೇ ಪಾತ್ರೆಯನ್ನು ಯಾರೂ ಬಳಸುವುದಿಲ್ಲವಷ್ಟೆ.

ದಾರಿಯಲ್ಲಿ ದಾಖಲಿಸಲು ಫೋನಿನಲ್ಲಿ ಓಸ್ಮ್‌ಆ್ಯಂಡ್ ಎಂಬ ತಂತ್ರಾಂಶವನ್ನು ಇಟ್ಟುಕೊಂಡೆವು. ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ಇದು ಜಾಲಸಂಪರ್ಕವಿಲ್ಲದೆ ನಡೆಯುತ್ತದೆ, ಜಾಡನ್ನು ಜಿ.ಪಿ.ಎಕ್ಸ್. ಆಗಿಯೇ ಬರೆದಿಡುತ್ತದೆ. ಇದರ ಆಯ್ಕೆಗಳು ಹಲವಾಗಿರುವುದರಿಂದ ಮೊದಲ ವಾರ ಸ್ವಲ್ಪ ಗೊಂದಲವಾಗುವುದು ನಿಜ. ಬರೀ ನಕಾಶೆ ನೋಡಿ ನಡೆಯುವವರಿಗೆ ಇದೇ ನಕಾಶೆಯನ್ನು ಆಧರಿಸಿದ, ಹೆಚ್ಚು ಸರಳವಾದ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು.

ಮನೆಯ ಗಣಕಯಂತ್ರದಲ್ಲಿ ಹಾದಿಗಳನ್ನು ಯೋಜಿಸಿ, ತಿದ್ದಿ, ವಿಂಗಡಿಸಿ ಇಡಲು ಕ್ಯೂಮ್ಯಾಪ್‌ಶ್ಯಾಕ್ ಎಂಬ ಉಚಿತ ಹಾಗೂ ಮುಕ್ತ ತಂತ್ರಾಂಶವನ್ನು ಬಳಸಿದೆವು. ಹಾದಿಯ ಏರಿಳಿತವನ್ನು ರೇಖೆಯಲ್ಲಿ ತೋರಿಸುವುದು, ಬೇಡದ ತುಂಡನ್ನು ಗುರುತಿಸಿ ತೆಗೆಯುವುದು ಇದರಲ್ಲಿ ಸುಲಭ. ಇದರೊಡನೆ ಬಿರೌಟರ್ ಎಂಬ ಹಾದಿಹುಡುಕುವ ತಂತ್ರಾಂಶವನ್ನು ಜೋಡಿಸಿದರೆ ಏರನ್ನೂ ಗಣನೆಗೆ ತೆಗೆದುಕೊಂಡು ನಡಿಗೆಯ ಹಾದಿಯನ್ನು ಹೇಳುತ್ತದೆ. ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಜಿ.ಪಿ.ಎಸ್.ಬೇಬಲ್, ಅಚ್ಚಿನ ನಕಾಶೆಯನ್ನು ಸಿದ್ಧಪಡಿಸಲು ಕ್ಯೂ.ಜಿ.ಐ.ಎಸ್. ಇವೆರಡೂ ಉಪಕಾರಕ್ಕೆ ಬಂದುವು. ಗಾರ್ಮಿನ್ ಉಪಕರಣವನ್ನು ಇಟ್ಟುಕೊಂಡಿರುವ ನಮ್ಮ ಕೆಲವು ಮಿತ್ರರು ಅದೇ ಸಂಸ್ಥೆಯ ಬೇಸ್‌ಕ್ಯಾಂಪ್ ತಂತ್ರಾಂಶಕ್ಕೆ ಒಗ್ಗಿದ್ದಾರೆ. ಅದರಿಂದಲೂ ಜಿ.ಪಿ.ಎಕ್ಸ್. ಹೊರಬರುವುದರಿಂದ ಅವರೊಡನೆ ವಿನಿಮಯಕ್ಕೆ ತೊಡಕಾಗಲಿಲ್ಲ. ಗೂಗಲ್ ಮ್ಯಾಪ್ಸ್ ಮೋಟಾರು ಮಾರ್ಗಕ್ಕೆ ಉತ್ತಮವಾದ ಸಹಾಯಕ. ಆದರೆ ನಡೆದ ಜಾಡುಗಳನ್ನು ಕಡತಗಳಾಗಿ ತಿದ್ದಿ ಸಂಗ್ರಹಿಸುವುದು ಅದರ ಉದ್ದೇಶವಲ್ಲ.

ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಅನೇಕ ತಂತ್ರಾಂಶಗಳು ತೋರಿಸುವ ಎತ್ತರವು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ಹನ್ನೊಂದು ದಿನಗಳ ಯಾನದಲ್ಲಿ ರೇಡಾರಿನಿಂದ ಅಳೆದದ್ದು. ಇದರಲ್ಲಿ ಸುಮಾರು 30 ಮೀಟರಿನ ಚೌಕಕ್ಕೆ ಒಂದು ಅಂಕಿ ಇರುತ್ತದೆ. ದಟ್ಟವಾದ ಮರಗಳಿರುವಲ್ಲಿ ರೇಡಾರು ನೆಲದ ಬದಲು ಮರಗಳ ಮೇಲ್ಭಾಗವನ್ನು ಅಳೆದಿರಬಹುದು. ಅಡಿಕೆ ತೋಟದ ನಡುವಿನ ಕಿರಿದಾದ ತೋಡಿನ ಇಳಿಜಾರು ಅದರಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ನಕಾಶೆಯಲ್ಲಿ ನಮ್ಮ ಹೆಸರು

ಮೇಲೆ ಹೇಳಿದ ಫೋನಿನ ತಂತ್ರಾಂಶಗಳೂ ಬಿರೌಟರ್ ಕೂಡ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆಯನ್ನು ಆಧರಿಸಿವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕಾಶೆಯನ್ನು ಲೋಕದ ಯಾರು ಬೇಕಾದರೂ ತಿದ್ದಬಹುದು, ಬಳಸಬಹುದು. ಅದರಲ್ಲಿ ಒಂದು ಜಾಗಕ್ಕೆ ಸಾಮಾನ್ಯ ಹೆಸರಲ್ಲದೆ ಪ್ರತಿಯೊಂದು ಭಾಷೆಯ ಹೆಸರಿಗೂ ಬೇರೆ ಬೇರೆ ಅಂಕಣಗಳಿವೆ. ಕನ್ನಡಕ್ಕೆ ಒಂದು, ಮಲಯಾಳಕ್ಕೆ ಒಂದು, ತುಳುವಿಗೆ ಇನ್ನೊಂದು. ಕನ್ನಡದಲ್ಲಿ ಕುಂಬಳೆ, ಮಂಜೇಶ್ವರ ಎಂದು ಬರೆಯುವ ಊರುಗಳನ್ನು ಮಲಯಾಳದಲ್ಲಿ ಕುಂಬಳ, ಮಂಜೇಶ್ವರಂ ಎಂದು ಬರೆಯುತ್ತಾರೆ. ಇಲ್ಲಿ ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಕನ್ನಡವನ್ನು ಆಯ್ದುಕೊಂಡವನಿಗೆ ಕನ್ನಡದ ಹೆಸರು, ಮಲಯಾಳವನ್ನು ಆಯ್ದುಕೊಂಡವನಿಗೆ ಮಲಯಾಳದ ಹೆಸರು. ಹಲವು ಭಾಷೆಗಳ ನೆರೆಕರೆಯಲ್ಲಿ ಬೆಳೆದ ನಮಗೆ ಇದು ಒಪ್ಪುವ ಏರ್ಪಾಡು. ಆದರೆ ಕನ್ನಡದ ಅಂಕಣ ತಾನಾಗಿ ತುಂಬಿಕೊಳ್ಳುವುದಿಲ್ಲ. ಹೆಸರು ಗೊತ್ತಿರುವವರು ತುಂಬಬೇಕು.

ಪೂರ್ವದ ಬೈಲಿನ ಸಂಕವನ್ನೂ ಅದರ ದಾರಿಯನ್ನೂ, ತೋಟದ ಯಜಮಾನರ ಒಪ್ಪಿಗೆ ಪಡೆದು, ನಾವು ಈ ನಕಾಶೆಗೆ ಸೇರಿಸಿದೆವು. ನಕಾಶೆಯ ಮುಂದಿನ ಪರಿಷ್ಕರಣವನ್ನು ಇಳಿಸಿಕೊಂಡ ಮೇಲೆ ಫೋನು ಗುಡ್ಡೆಯನ್ನು ಸುತ್ತಿಸದೆ ಸಂಕದ ಮೇಲಿನಿಂದಲೇ ಹಾದಿಯನ್ನು ತೋರಿಸಿತು. ಆ ಬೈಲಿನಿಂದ ಈಗಲೂ ಮೂವರು ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಮಳೆಗಾಲದಲ್ಲಿ ಸಂಕ ಮುಳುಗುವುದರಿಂದ ಅವರಿಗಾಗಿ ಶಾಲೆಯ ವಾಹನ ಸುತ್ತಿ ಹೋಗಬೇಕಾಗುತ್ತದೆ. ಎರಡು ಹಾದಿಗಳ ಉದ್ದವನ್ನು ತೋರಿಸುವ ನಕಾಶೆಯೊಂದನ್ನು ಅಚ್ಚುಹಾಕಿಸಿ, ಅಲ್ಲಿ ಶಾಶ್ವತವಾದ ಕಾಲುಸೇತುವೆ ಬೇಕೆಂಬ ಮನವಿಯೊಂದಿಗೆ ಪಂಚಾಯತಿಗೆ ಸಲ್ಲಿಸಿದ್ದೇವೆ. ಕನ್ನಡ ಶಾಲೆಯ ಉಳಿವಿನ ಬಗ್ಗೆ ನಾವು ವೇದಿಕೆಯಲ್ಲಿ ಆಡುವ ಮಾತುಗಳ ಜೊತೆಗೆ, ಮಗುವೊಂದು ಶಾಲೆಗೆ ಒಣಗಿದ ಕಾಲಿನಲ್ಲಿ ಬರಬಲ್ಲದೇ ಎಂಬುದೂ ಯೋಚನೆಗೆ ಅರ್ಹವಾದ ವಿಷಯವೇ ಆಗಿದೆ.

ಎಲ್ಲವನ್ನೂ ನಕಾಶೆಗೆ ಏರಿಸಬೇಕೆಂದೂ ಇಲ್ಲ. ಜಾಡು ಯಾರದೋ ಮನೆಬಾಗಿಲಿನಿಂದ ಆರಂಭವಾಗುತ್ತದೆ. ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಆ ತುದಿಯನ್ನು ಕತ್ತರಿಸಬೇಕು. ಒಂದು ನಾಗಬನದ ಹತ್ತಿರ ಹಿರಿಯ ಅಮ್ಮನೊಬ್ಬರು, “ಇದನ್ನು ಎಲ್ಲರಿಗೂ ತೋರಿಸುವುದು ಬೇಡ ಮಗಾ” ಎಂದರು. “ಇಲ್ಲ ಅಮ್ಮಾ” ಎಂದು ಹೇಳಿ ಅದನ್ನು ಶಾಲೆಯ ಸಂಗ್ರಹದಲ್ಲಿ ಮಾತ್ರ ಇಟ್ಟಿದ್ದೇವೆ. ಮನೆಯವರ ಕುಡಿಯುವ ನೀರಿನ ಸುರಂಗಗಳಿಗೂ ಇದೇ ನಿಯಮ.

ಉಪಸಂಹಾರ

ಇದುವರೆಗೆ ಏಳು ದಾರಿಗಳ ಕೆಲಸ ಮುಗಿದಿದೆ. ಪ್ರತಿಯೊಂದರ ಜಿ.ಪಿ.ಎಕ್ಸ್. ಕಡತವನ್ನು ಶಾಲೆಯ ಗಣಕಯಂತ್ರದಲ್ಲಿ ಒಂದು, ಹಳೆವಿದ್ಯಾರ್ಥಿ ಸಂಘದಲ್ಲಿ ಒಂದು, ನನ್ನ ಮನೆಯಲ್ಲಿ ಒಂದು ಎಂದು ಮೂರು ಕಡೆ ಇರಿಸಲಾಗಿದೆ. ಇದರೊಡನೆ ಗ್ರಂಥಾಲಯದ ಕಪಾಟಿನಲ್ಲಿ ರಟ್ಟು ಕಟ್ಟಿಸಿದ ಒಂದು ಪುಸ್ತಕವೂ ಇದೆ. ಅದರಲ್ಲಿ ಪ್ರತಿಯೊಂದು ಗುರುತಿನ ಹೆಸರು, ಅಕ್ಷಾಂಶ, ರೇಖಾಂಶ, ಹೆಸರನ್ನು ಹೇಳಿದವರು ಯಾರು ಎಂಬುದನ್ನು ಮಕ್ಕಳೇ ಕೈಯಿಂದ ಬರೆದಿದ್ದಾರೆ. ದಶಾಂಶದ ಮುಂದೆ ಐದು ಅಂಕಿಗಳನ್ನು ಬರೆದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾಗುತ್ತದೆ. ಅದಕ್ಕಿಂತ ಹೆಚ್ಚು ಬರೆಯುವುದು ಫೋನಿನ ನಿಖರತೆಗೆ ಮೀರಿದ್ದು. ಆ ಪುಸ್ತಕದ ಮೊದಲ ನಾಲ್ಕು ದಾರಿಗಳು ಮಾಸ್ತರರು ಹೇಳಿದವು.

ತಂತ್ರಾಂಶಗಳು ಬದಲಾಗುತ್ತವೆ. ನಾನು ಇಲ್ಲಿ ಹೆಸರಿಸಿದವುಗಳಲ್ಲಿ ಶತಮಾನೋತ್ಸವದ ಸಂಚಿಕೆ ಹೊರಬರುವ ಹೊತ್ತಿಗೆ ಯಾವುದು ಉಳಿದೀತೋ ಹೇಳಲಾರೆ. ಆದ್ದರಿಂದ ಹೆಸರುಗಳನ್ನು ಮರೆತರೂ ಚಿಂತೆಯಿಲ್ಲ. ಮೊದಲ ಎರಡು ಪರೀಕ್ಷೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಕೊಟ್ಟದ್ದನ್ನು ಹಿಂದಿರುಗಿಸಬೇಕು, ಕನ್ನಡದಲ್ಲಿಯೇ ಹಿಂದಿರುಗಿಸಬೇಕು. ನಕಾಶೆಯ ಅಂದಚೆಂದ, ಬಣ್ಣ, ಸುಲಭತೆ ಇವುಗಳ ವಿಚಾರ ಆಮೇಲಿನದು.

ಹೆಸರು ಕಳೆದುಹೋದ ಏಳು ದಾರಿಗಳಲ್ಲಿ ಮೂರನ್ನು ಇತರ ಹಿರಿಯರ ನೆರವಿನಿಂದ ಈ ವರ್ಷ ಪುನಃ ನಡೆದಿದ್ದೇವೆ. ಇನ್ನೂ ನಾಲ್ಕು ಬಾಕಿ ಇವೆ. ಆ ದಾರಿಗಳಲ್ಲಿ ಶಾಲೆಗೆ ಬಂದವರು, ಅವುಗಳ ಕಟ್ಟೆ, ಸಂಕ, ಬಂಡೆಗಳ ಹೆಸರನ್ನು ಬಲ್ಲವರು ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಮ್ಮೊಡನೆ ನಡೆದು ಸಹಕರಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಡೆಯಲು ಆಗದವರು ಶಾಲೆಗೆ ತಿಳಿಸಿದರೆ ನಾವೇ ಅವರ ಮನೆಗೆ ಬರುತ್ತೇವೆ. ಫೋನನ್ನು ತರುತ್ತೇವೆ, ಪುಸ್ತಕವನ್ನೂ ತರುತ್ತೇವೆ.